ದೋಷ ಯಾರದು?

ಕಳೆದ ವಾರ ಆಸ್ಪತ್ರೆಯಲ್ಲಿ ನನ್ನ ಹೆಂಡತಿಯ ಸೋದರಮಾವ ನನ್ನ ಪರವಾಗಿ ಜಗಳವಾಡಿದರು.

"ಇವರಿಗೆಂತ ಪರೀಕ್ಷೆ ಡಾಕ್ಟ್ರಮ್ಮ? ಇವರು ಮದ್ರಾಸಿನಲ್ಲಿ ಬಿ.ಎ. ಪಾಸಾದವರು!"

ಲೇಡಿ ಡಾಕ್ಟರ್ ನಗಲಿಲ್ಲ. "ಹೆಂಡತಿಯ ಗರ್ಭನಾಳಕ್ಕೆ ಗಾಳಿ ಊದಿ ನೋಡಿದ್ದೇನೆ. ದಾರಿ ಸರಿ ಇದೆ. ಇನ್ನು ಗಂಡನನ್ನು ನೋಡಬೇಡವೇ?" ಎಂದರು. (ಇದೇ ಮಾತೋ, ಇಷ್ಟೇ ಮೆದುವಾಗಿಯೋ, ಆಣೆ ಮಾಡಿ ಹೇಳಲಾರೆ. ಆಗ ನನ್ನ ಕಿವಿ ಬಿಸಿಯಾಗಿತ್ತು.)

ಮದುವೆಯಾಗಿ ಏಳು ವರ್ಷ. ನನ್ನ ಹೆಂಡತಿ ರಾಜೀವಿ ಕುಡಿಯದ ಕಷಾಯವಿಲ್ಲ, ಮಾಡದ ಉಪವಾಸವಿಲ್ಲ. ನನಗೆ ಯಾರಾದರೂ ಒಂದು ಚಮಚ ಕಹಿ ಕುಡಿಸಿದರೇ?

ಘಟ್ಟದ ಮೇಲಿನ ಓದುಗರಿಗೆ ಒಂದು ಮಾತು. ನಮ್ಮದು ಅಳಿಯಸಂತಾನ. ಮನೆತನ ಮುಂದುವರಿಯುವುದು ಹೆಣ್ಣಿನಿಂದ. ಬೋಳಾರದ ಮಾವನ ಮನೆತನದಲ್ಲಿ ಉಳಿದಿರುವ ಹೆಣ್ಣು ರಾಜೀವಿ ಒಬ್ಬಳೇ. ದೋಷ ನನ್ನದೆಂದಾದರೆ ಮಾವನ ದಾರಿ ಸುಲಭ: ನನ್ನಿಂದ ಅವಳಿಗೆ ಬಿಡುಗಡೆ, ಬೇರೆ ಮದುವೆ. ಊರಿನಲ್ಲಿ ಯಾರೂ ತಪ್ಪೆನ್ನುವುದಿಲ್ಲ. ಮಾವ ಕೆಟ್ಟವರೂ ಅಲ್ಲ. ತಮ್ಮ ಕಣ್ಣೆದುರೇ ಮನೆ ಮುಗಿಯುವುದನ್ನು ಯಾರು ನೋಡಿಯಾರು?

ಕೊನೆಗೆ ನನ್ನ ಪರೀಕ್ಷೆಯೂ ಆಯಿತು. ಮೈಕ್ರೋಸ್ಕೋಪಿನಲ್ಲಿ ನೋಡಿದ ಮೇಲೆ ಡಾಕ್ಟರ್ ನಮ್ಮಿಬ್ಬರನ್ನೇ ಒಳಗೆ ಕರೆದರು. ನನ್ನಲ್ಲಿ ವೀರ್ಯಾಣು ಬಹಳ ಕಡಿಮೆಯಂತೆ. ಇಂಜೆಕ್ಷನ್ ಕೊಟ್ಟು ನೋಡಬಹುದು, ಭರವಸೆ ಕೊಡಲಾರೆ ಎಂದರು.

ರಾಜೀವಿ ನನ್ನ ಮುಖ ನೋಡಲಿಲ್ಲ. ಗೋಡೆಯ ಸುಣ್ಣ ನನ್ನ ಅಂಗಿಯ ತೋಳಿಗೆ ಅಂಟಿತ್ತು. ಸೆರಗಿನಿಂದ ಅದನ್ನು ಒರೆಸಿದಳು.

ಹೊರಗೆ ಮಾವ ಎದ್ದು ನಿಂತರು. "ಎಂತ ಹೇಳಿದ್ರು ಮಗಾ? ದೋಷ ಯಾರದ್ದು?"

ನಾನು ಬಾಯಿ ತೆರೆಯುವ ಮೊದಲೇ ಅವಳೆಂದಳು: "ನಮ್ಮದು."

"ನಮ್ಮದು ಅಂದ್ರೆ? ನಿನ್ನದ್ದಾ, ಇವರದ್ದಾ?"

"ಇಬ್ಬರದ್ದೂ ಮಾವ. ಇಂಜೆಕ್ಷನ್ ಉಂಟಂತೆ. ನಡೀರಿ, ಬಸ್ಸು ತಪ್ತದೆ."

ಮನೆಗೆ ಬಂದ ಮೇಲೆ ಕೇಳಿದೆ, ಸುಳ್ಳು ಯಾಕೆ ಹೇಳಿದೆ ಎಂದು.

"ಸುಳ್ಳೆಂತದ್ದು ಮಾರಾಯ್ರೆ? ಮಗು ಇಲ್ಲದ್ದು ನಿಮಗೆ ಮಾತ್ರವಾ?"

ಮಾವ ಈ ಅಂಕಣವನ್ನು ತಪ್ಪದೆ ಓದುತ್ತಾರೆ. ಹಾಗಾಗಿ ಇದನ್ನು ಅಚ್ಚಿಗೆ ಕೊಡಲೇ ಎಂದು ಅವಳನ್ನೇ ಕೇಳಿದೆ. ನನ್ನ ನೆನಪಿನಲ್ಲಿ ಏನಾದರೂ ತಪ್ಪಿದೆಯೇ ಎಂದು ಪೂರ್ತಿ ಓದಿಸಿದೆ.

"ಕೊಡಿ. ಅವರು ಬಂದ್ರೆ ನಾನು ಮಾತಾಡ್ತೇನೆ," ಎಂದಳು.

ನಮ್ಮ ಕಟ್ಟುಕಟ್ಟಳೆಯಲ್ಲಿ ಗಂಡನ ಆಸ್ತಿ ಅವನ ತಾಯಿಮನೆಗೆ, ಹೆಂಡತಿಯದು ಅವಳ ತಾಯಿಮನೆಗೆ. ಇಬ್ಬರಿಗೂ ಸೇರಿದ್ದೆಂಬುದು ಒಂದೂ ಇಲ್ಲ. ನಮಗೆ ಈಗ ಒಂದಿದೆ: ಈ ದೋಷ.

ಅದನ್ನು ಪಾಲು ಮಾಡಿಕೊಡುವ ವಕೀಲರು ಈ ಊರಲ್ಲಿ ಯಾರಾದರೂ ಇದ್ದಾರೆಯೇ?