ಬಿಸಿಲಿಗೆ ಕೂಡುತ್ತಿದ್ದ ಅಕ್ಕ

ಮೊನ್ನೆ ನನ್ನ ಮಂಡಿನೋವಿಗೆ ಡಾಕ್ಟರು ವಿಟಮಿನ್ ಡಿ ಪುಡಿ ಬರೆದುಕೊಟ್ಟರು. ಪೊಟ್ಟಣ ಹರಿದಾಗ ಬಂದ ಸಿಹಿ ವಾಸನೆ ಹೊಸದಲ್ಲ. ಕುಂದಗೋಳದಲ್ಲಿ ನಮ್ಮ ಬಾಜೂಮನೆಯ ಅಕ್ಕನ ಹೊಲಿಗೆ ಯಂತ್ರದ ಹತ್ತಿರ ಯಾವಾಗಲೂ ಇದೇ ವಾಸನೆ ಇರುತ್ತಿತ್ತು…

ಅಕ್ಕನ ಕಾಲುಗಳು ಚಿಕ್ಕಂದಿನಿಂದಲೇ ಬಾಗಿದ್ದವು. ತಲೆಯಲ್ಲಿ ಕೂದಲಿರಲಿಲ್ಲ, ಸದಾ ಸೆರಗು ಹೊದ್ದಿರುತ್ತಿದ್ದರು. ಓಣಿಯ ಮಕ್ಕಳ ಸಮವಸ್ತ್ರವೆಲ್ಲ ಅವರ ಹೊಲಿಗೆಯೇ. "ಹಾಲು ಕುಡೀರಿ, ಬಿಸಿಲಾಗ ಕೂಡ್ರಿ" ಎಂದು ಎಲ್ಲರೂ ಹೇಳುವವರೇ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ನಾನೂ ಹೇಳಿದ್ದೆ. ಅವರು ಕೂತರು, ವಿಟಮಿನ್ ಡಿ ಪುಡಿಯನ್ನೂ ತಿಂದರು, ವರ್ಷಗಟ್ಟಲೆ.

ಚಿಕ್ಕಂದಿನಲ್ಲಿ ಅಕ್ಕನಿಗೆ ಅವರ ತಾಯಿ ಹಾಲು ಕಡಿಮೆ ಕುಡಿಸಿದ್ದಕ್ಕೇ ಹೀಗಾಯಿತೆಂದು ಓಣಿಯವರು ಆಡಿಕೊಂಡಿದ್ದರು. ತಾಯಿ ಅದನ್ನು ನಂಬಿಬಿಟ್ಟಿದ್ದರು. ಅಂದಿನಿಂದ ತಾವು ಹಾಲು ಮುಟ್ಟಿರಲಿಲ್ಲ. ಚಹಾಕ್ಕೂ ಹಾಕಿಕೊಳ್ಳುತ್ತಿರಲಿಲ್ಲ.

ಒಮ್ಮೆ ಅಕ್ಕನ ತೊಡೆಯ ಎಲುಬು ಬಿರುಕುಬಿಟ್ಟಿತು. ಹುಬ್ಬಳ್ಳಿಯ ಡಾಕ್ಟರೊಬ್ಬರು ರಕ್ತ ಪರೀಕ್ಷೆ ಮಾಡಿಸಿದರೆ ವಿಟಮಿನ್ ಡಿ ಕಡಿಮೆ ಇರಲಿಲ್ಲ, ಹೆಚ್ಚೇ ಇತ್ತು. ಜೀನುಗಳ ಪರೀಕ್ಷೆಯೂ ಆಯಿತು. ವರದಿ ಬಂದ ದಿನ ತಾಯಿ ಹೊರಗೆ ಬೆಂಚಿನ ಮೇಲೆ ಕೂತರು. ಅಕ್ಕನ ಜೊತೆ ನಾನು ಒಳಗೆ ಹೋದೆ.

ವಿಟಮಿನ್ ಡಿ ಜೀವಕೋಶದೊಳಗೆ ಒಂದು ಪ್ರೋಟೀನನ್ನು ಸೇರುತ್ತದೆ, ಆ ಪ್ರೋಟೀನು ಡಿಎನ್‌ಎಯ ಮೇಲೆ ಗೊತ್ತಾದ ಜಾಗವನ್ನು ಹಿಡಿದು ಕೂತರೆ ಮಾತ್ರ ಕರುಳು ಕ್ಯಾಲ್ಸಿಯಂ ಹೀರಲು ಬೇಕಾದ ಜೀನುಗಳು ಕೆಲಸ ಶುರುಮಾಡುತ್ತವೆ ಎಂದರು ಡಾಕ್ಟರು. ಅಕ್ಕನ ಪ್ರೋಟೀನಿಗೆ ಆ ಹಿಡಿತವೇ ಇರಲಿಲ್ಲ. ತಲೆಯಲ್ಲಿ ಕೂದಲು ಬಾರದ್ದೂ ಅದರಿಂದಲೇ. ತಂದೆತಾಯಿ ಇಬ್ಬರಿಂದಲೂ ಅದೇ ದೋಷ ಬಂದರೆ ಹೀಗಾಗುತ್ತದಂತೆ, ರಕ್ತಸಂಬಂಧದ ಮದುವೆಯಲ್ಲಿ ಇದು ಹೆಚ್ಚಂತೆ. ಅಕ್ಕನ ತಾಯಿ ಮದುವೆಯಾದದ್ದು ಸ್ವಂತ ಸೋದರಮಾವನನ್ನು.

"ಅದೊಂದು ಅವ್ವಗ ಹೇಳಬ್ಯಾಡ್ರಿ ಸರ" ಎಂದರು ಅಕ್ಕ.

ಹೊರಗೆ ಬಂದು ತಾಯಿಗೆ ಉಳಿದದ್ದನ್ನು ಹೇಳಿದೆ.

"ಅಂದ್ರ… ನಾ ಹಾಲು ಕಡಿಮಿ ಕುಡಿಸಿದ್ದಕ್ಕಲ್ಲ?"

"ಅಲ್ರೀ. ಎಷ್ಟ ಕುಡಿಸಿದ್ರೂ ಹಿಂಗ ಆಗತಿತ್ತು."

ಮನೆಗೆ ಬಂದ ಮೇಲೆ ಅಕ್ಕ ಗೋಡೆ ಹಿಡಿದುಕೊಂಡೇ ಒಲೆಯ ಹತ್ತಿರ ಹೋಗಿ ಹಾಲು ಹಾಕಿ ಚಹಾ ಮಾಡಿದರು. "ಕುಡಿ ಬೇ ಅವ್ವಾ. ಇನ್ನ ಸಾಕು." ತಾಯಿ ಕಪ್ಪಿನಿಂದ ಬಸಿಗೆ ಸುರಿದುಕೊಂಡು ಪೂರ್ತಿ ಕುಡಿದರು.

ಆಮೇಲೆ ಆಸ್ಪತ್ರೆಯಲ್ಲಿ, ಕರುಳು ಹೀರದ ಕ್ಯಾಲ್ಸಿಯಮ್ಮನ್ನು ನೇರ ರಕ್ತನಾಳಕ್ಕೆ ಕೊಟ್ಟರು. ಎಲುಬು ಕೂಡಿತು, ಬಾಗಿದ ಕಾಲು ನೆಟ್ಟಗಾಗಲಿಲ್ಲ. ಅಕ್ಕ ಮುಂದೆ ಕೆಲವು ವರ್ಷ ಹೊಲಿದರು. ನಾಲ್ಕು ವರ್ಷದ ಹಿಂದೆ ನ್ಯುಮೋನಿಯಾ ಆಗಿ ತೀರಿಕೊಂಡರು.

ತಾಯಿ ಈಗ ಅದೇ ಓಣಿಯಲ್ಲಿ ಮಗನ ಮನೆಯಲ್ಲಿದ್ದಾರೆ. ನಾನು ಹೋದಾಗ ಅದೂ ಇದೂ ಮಾತಾಡುತ್ತಾರೆ… ಆಮೇಲೆ, "ಡಾಕ್ಟರ್ ಅವತ್ತ ಏನಂದಿದ್ರು, ಇನ್ನೊಮ್ಮಿ ಹೇಳ್ರಿ ಸರ" ಎನ್ನುತ್ತಾರೆ.

ಅಕ್ಕ ಬೇಡವೆಂದದ್ದೊಂದನ್ನು ಬಿಟ್ಟು ಎಲ್ಲ ಹೇಳುತ್ತೇನೆ.