ಸಿಸ್ಟರ್ ಮಲಗಿದ ಮಂಚ

ಅವರ ಬೆರಳ ತುದಿಗಳು ನೀರಿನಲ್ಲಿ ನೆನೆದ ಅವಲಕ್ಕಿಯ ಹಾಗೆ ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ದಿನವಿಡೀ ಕ್ರಿಮಿ ಕೊಲ್ಲುವ ಕಾರ್ಬಾಲಿಕ್ ನೀರಿನಲ್ಲಿ ತೊಳೆದು ತೊಳೆದು ಉಗುರಿನ ಬುಡ ಒಡೆದಿತ್ತು. ರಕ್ತ ಜಿನುಗಿದರೆ ಇನ್ನೊಮ್ಮೆ ತೊಳೆಯುತ್ತಿದ್ದರು, ಅಷ್ಟೆ. ನರ್ಸ್ ಕೆಲಸ ಕಲಿಯುವ ನಮಗೆಲ್ಲ ಅವರು ದೊಡ್ಡ ಸಿಸ್ಟರ್.

ಯುದ್ಧದ ಕಾಲ ಅದು. ನಾನು ಬಂದರಿನ ಹತ್ತಿರ ಮೀನು ಹಿಡಿಯುವವರ ಮನೆಯವಳು. ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟವಳು. ಗಂಡ ದೋಣಿಯಲ್ಲಿ ಹೋದವನು ತಿರುಗಿ ಬರಲಿಲ್ಲ. ಅಣ್ಣನ ಮನೆಯಲ್ಲಿ ಅತ್ತಿಗೆ ನನ್ನ ಚಾಪೆಯನ್ನು ಬಲೆ ಇಡುವ ಜಗಲಿಗೆ ಹಾಕಿದ್ದಳು. ಆಸ್ಪತ್ರೆಯಲ್ಲಿ ಹೆಂಗಸರಿಗೆ ಕೆಲಸ ಕಲಿಸಿ ಊಟ ಹಾಕುತ್ತಾರೆ ಎಂದು ಕೇಳಿ ಹೊರಟೆ.

“ಕಂಡವರ ಮೈ ಒರೆಸಿದ ಕೈಯಲ್ಲಿ ನಮ್ಮ ಗಡಿಗೆ ಮುಟ್ಟುವುದು ಬೇಡ. ಹೋದರೆ ಹೋದ ಹಾಗೆ” ಎಂದಳು ಅತ್ತಿಗೆ.

ವಾರ್ಡಿಗೆ ಬಿಡುವ ಮೊದಲು ಉದ್ದದ ಒಂದು ಕೋಣೆಯಲ್ಲಿ ಅಭ್ಯಾಸ. ಒಬ್ಬ ಹುಡುಗಿ ರೋಗಿಯ ಹಾಗೆ ಮಂಚದ ಮೇಲೆ ಮಲಗಬೇಕು, ಇನ್ನೊಬ್ಬಳು ಅವಳ ಮೈ ಒರೆಸಿ, ಎಬ್ಬಿಸದೆ ಹಾಸು ಬದಲಿಸಬೇಕು. ಸರಿಯಾಗಿ ಮಾಡಿದವಳು ವಾರ್ಡಿಗೆ, ಆಗದವಳು ಮನೆಗೆ. ನನಗೆ ಮನೆ ಇರಲಿಲ್ಲ.

ನನ್ನ ಮುಂದೆ ಯಾರೂ ಮಲಗಲಿಲ್ಲ. ಒಬ್ಬಳಿಗೆ ತಲೆನೋವು, ಒಬ್ಬಳಿಗೆ ಹೊಟ್ಟೆನೋವು. ಉರ್ವ ಊರಿನ ಹುಡುಗಿಯೊಬ್ಬಳು ನೇರವಾಗಿಯೇ ಹೇಳಿದಳು: “ಅವಳ ಕೈ ಬಂಗುಡೆ ವಾಸನೆ ಸಿಸ್ಟರ್. ಆಮೇಲೆ ನಾನು ಊಟ ಮಾಡುವುದು ಹೇಗೆ?”

ಎಲ್ಲರೂ ನಕ್ಕರು. ನಾನು ಮೀನು ಮುಟ್ಟದೆ ಎಷ್ಟೋ ದಿನ ಆಗಿತ್ತು.

ಸಿಸ್ಟರ್ ಯಾರನ್ನೂ ಬೈಯಲಿಲ್ಲ. ಶೂ ಬಿಚ್ಚಿದರು, ತಲೆಯ ಬಿಳಿ ಬಟ್ಟೆ ಮಡಚಿಟ್ಟರು, ನನ್ನ ಮಂಚದ ಮೇಲೆ ಮಲಗಿದರು. “ಪರದೆ ಎಳೆ. ನನಗೆ ಜ್ವರ ಉಂಟು. ಶುರು ಮಾಡು” ಎಂದು ಕಣ್ಣು ಮುಚ್ಚಿದರು.

ಬೋಗುಣಿಯಲ್ಲಿ ನೀರು ತಂದು ಮುಖ, ಕುತ್ತಿಗೆ, ಕೈಕಾಲು ಒರೆಸಿದೆ. ಒಂದು ಮಾತೂ ಆಡಲಿಲ್ಲ. ಕೊನೆಗೆ ಅವರ ಎರಡೂ ಕಾಲು ಜೋಡಿಸಿ, ಕೈಗಳನ್ನು ಎದೆಯ ಮೇಲಿಟ್ಟು, ಹೊದಿಕೆ ಎಳೆದೆ.

ಅವರು ಕಣ್ಣು ತೆರೆದರು. “ಎಂತ ಮಾರಾಯ್ತಿ, ನಾನು ಸತ್ತಿದ್ದೇನಾ?”

ನಾನು ಗಡಬಡಿಸಿ ಹೊದಿಕೆ ಸರಿಸಿದೆ.

“ಮೊದಲು ಯಾರನ್ನಾದರೂ ಮಲಗಿಸಿ ಮೀಯಿಸಿದ್ದು ಉಂಟಾ?”

“ಅಜ್ಜಿಯನ್ನು.”

“ಹುಷಾರಿಲ್ಲದಾಗಾ?”

“ಅಲ್ಲ ಸಿಸ್ಟರ್. ತೀರಿಕೊಂಡ ಮೇಲೆ.”

ನಮ್ಮ ಮನೆಯಲ್ಲಿ ಏಳಲಾಗದವರನ್ನೂ ಎತ್ತಿ ಕೂರಿಸಿಯೇ ನೀರು ಹಾಕುತ್ತಿದ್ದರು. ಮಲಗಿಸಿ ಮೀಯಿಸುವುದು ಹೆಣವನ್ನು ಮಾತ್ರ. ಆಗ ಮೀಯಿಸುವವರು ಮಾತಾಡಬಾರದು ಎಂದು ಹಿರಿಯರ ಕಟ್ಟಳೆ. ನನ್ನ ಕೈಗೆ ಗೊತ್ತಿದ್ದದ್ದು ಅದೊಂದೇ.

ಪರದೆಯ ಆಚೆ ಮತ್ತೆ ನಗು. ಇನ್ನು ಗಂಟುಮೂಟೆ ಕಟ್ಟಿ ಹೊರಡಬೇಕು ಎಂದುಕೊಂಡೆ. ಸಿಸ್ಟರ್ ಹೇಳಿದರು: “ನೀರು ಬದಲಿಸು. ಇನ್ನೊಮ್ಮೆ ಒರೆಸು. ಈ ಸಲ ಮಾತಾಡು.”

“ಎಂತ ಮಾತಾಡುವುದು?”

“ನೀರು ಬಿಸಿ ಹೆಚ್ಚಾಯಿತಾ ಕೇಳು. ಕೈ ಎತ್ತುವ ಮೊದಲು ಎತ್ತುತ್ತೇನೆ ಅಂತ ಹೇಳು. ರೋಗಿ ಮಲಗಿದರೂ ಮೈ ಅವಳದ್ದು. ಕೇಳಿ ಮುಟ್ಟು.”

ಕೇಳಿದೆ. ಅವರು ಬೇಕೆಂದೇ ಜಗಳಗಂಟಿ ರೋಗಿಯಾದರು. “ಉಗುರು ತಾಗ್ತದೆ. ನೀರು ತಣ್ಣಗೆ. ನನ್ನ ಮಗನನ್ನು ಕರೆ.” ಅವರಿಗೆ ಮದುವೆಯೇ ಆಗಿರಲಿಲ್ಲ.

“ಮಗ ಈಗ ಬರ್ತಾನೆ” ಎಂದೆ.

“ಸುಳ್ಳು ಹೇಳಬೇಡ. ಹೇಳಿ ಕಳಿಸ್ತೇನೆ ಅನ್ನು.”

ಹುಡುಗಿಯರು ಕೊನೆಯವರೆಗೂ ನನ್ನ ಮುಂದೆ ಮಲಗಲಿಲ್ಲ, ಊಟಕ್ಕೂ ದೂರವೇ ಕೂತರು. ಪ್ರತಿ ಸಲ ಸಿಸ್ಟರೇ ಮಲಗಿದರು. ಅವರನ್ನು ಬೇರೆ ಯಾರಾದರೂ ಮುಟ್ಟಿದ್ದನ್ನು ನಾನು ನೋಡಿಲ್ಲ. ಒಂದು ಕೋಣೆ, ಒಂದು ಸ್ಟೌ, ಭಾನುವಾರ ಒಬ್ಬರೇ ಇಗರ್ಜಿಗೆ. ಒಮ್ಮೆ ಬೆನ್ನು ಒರೆಸುವಾಗ ಅವರಿಗೆ ನಿಜವಾಗಿ ನಿದ್ರೆ ಬಂತು. ಎಬ್ಬಿಸಲಿಲ್ಲ. ಮಾತು ನಿಲ್ಲಿಸಲೂ ಇಲ್ಲ.

ವಾರ್ಡು ಹಂಚುವ ದಿನ ನನ್ನನ್ನು ತೋರಿಸಿ “ಇವಳು ಹೆರಿಗೆ ವಾರ್ಡಿಗೆ” ಎಂದರು. ಆವತ್ತು ನಾನು ಇಬ್ಬರ ಊಟ ಉಂಡೆ.

ಮುಂದಿನ ಮಳೆಗಾಲ ಸಿಸ್ಟರಿಗೆ ಟೈಫಾಯ್ಡ್ ಬಂತು. ಹೆರಿಗೆ ವಾರ್ಡಿನವರು ಜ್ವರದ ವಾರ್ಡಿಗೆ ಕಾಲಿಡಬಾರದು, ಬಾಣಂತಿಯರಿಗೆ ಅಂಟುತ್ತದೆ. ಅದು ಸಿಸ್ಟರೇ ಮಾಡಿದ ಕಾನೂನು. ಅಲ್ಲಿ ಉರ್ವದ ಹುಡುಗಿ ಇದ್ದಳು. ಕಿಟಕಿಯ ಹೊರಗೆ ನಿಂತು ಕೇಳಿದೆ: “ಮೈ ಒರೆಸುವಾಗ ಮಾತಾಡ್ತೀಯಾ?”

“ಪ್ರಜ್ಞೆ ಇಲ್ಲದವರ ಹತ್ತಿರ ಎಂತ ಮಾತು?”

“ಆದರೂ ಮಾತಾಡು.”

ಅವಳು ನನ್ನನ್ನು ನೋಡಿ ಒಳಗೆ ಹೋದಳು. ಮಾತಾಡಿದಳೋ ಇಲ್ಲವೋ ತಿಳಿಯದು.

ಮರುದಿನ ನಾನು ಬಾಣಂತಿಯೊಬ್ಬಳ ಮೈ ಒರೆಸುತ್ತಿದ್ದಾಗ ಆಯಾ ಬಾಗಿಲಲ್ಲೇ ನಿಂತು, ದೊಡ್ಡ ಸಿಸ್ಟರ್ ಹೋದರು ಎಂದಳು. ನನ್ನ ಕೈ ಒದ್ದೆ ಇತ್ತು. ಬಾಣಂತಿಗೆ ಚಳಿ ಹಿಡಿಯಬಾರದು, ಒರೆಸುವುದು ನಿಲ್ಲಿಸುವ ಹಾಗಿರಲಿಲ್ಲ.

“ಯಾರು, ನಿಮ್ಮವರಾ?” ಎಂದು ಬಾಣಂತಿ ಕೇಳಿದಳು.

“ಹೌದು” ಎಂದೆ. “ಈಗ ಎಡಕ್ಕೆ ತಿರುಗಿಸ್ತೇನೆ” ಎಂದು ಹೇಳಿ, ತಿರುಗಿಸಿದೆ.