ತಾತನ ಕಾರು ನಡುಗಿದ ಬೆಳಿಗ್ಗೆ

ಮಕ್ಕಳೇ, ಶಾಲೆಯಿಂದ ಬಂದವರೇ ತಾತನ ಬಿಳಿ ಕಾರು ಎಲ್ಲಿ ಎಂದು ಕೇಳಿದಿರಿ. ಅಂದು ನನಗೆ ಸರಿಯಾಗಿ ಹೇಳಲಾಗಲಿಲ್ಲ. ಈ ಅಜ್ಜಿಗೆ ಮಾತು ಕಡಿಮೆ, ನಿಮಗೇ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ.

ತಾತ ಹೋದ ಮೇಲೆ ಕಾರು ಹಲಸೂರಿನ ನಮ್ಮ ಗಲ್ಲಿಯಲ್ಲಿ ನಿಂತೇ ಇತ್ತು. ಓಡಿಸುವವರಿಲ್ಲ, ಜಾಗಕ್ಕಾಗಿ ಪಕ್ಕದ ಮನೆಯವರ ಗೊಣಗಾಟ ಬೇರೆ. ನಿಮ್ಮಪ್ಪ ಅದನ್ನು ಕೆ.ಆರ್. ಪುರದವರೊಬ್ಬರಿಗೆ ಮಾರಲು ಒಪ್ಪಿ, ಶಿವಾಜಿನಗರದ ಮೆಕ್ಯಾನಿಕ್ ಭಾಯಿಯಿಂದ ರಿಪೇರಿ ಮಾಡಿಸಿದ. ನನ್ನನ್ನೂ ಕೇಳಿದ. ‘ನಿನ್ನಿಷ್ಟ’ ಎಂದೆ. ಹೇಗಾದರೂ ಇದು ತಪ್ಪಿಹೋಗಲಿ ಎಂದು ಮಾತ್ರ ದೇವರ ಮುಂದೆ ಬೇಡಿಕೊಳ್ಳುತ್ತಿದ್ದೆ.

ಭಾಯಿ ಸಂಜೆ ಕಾರು ತಂದು ಬಿಟ್ಟರು. ಮರುದಿನ ಬೆಳಿಗ್ಗೆ, ಬೇರೆಯವರ ಕೈ ಸೇರುವ ಮುಂಚೆ ಪೂಜೆಯೊಂದು ಆಗಲೆಂದು ನಿಮ್ಮಪ್ಪ ಬಾನೆಟ್ ಎತ್ತಿ, ಇಂಜಿನ್ನಿಗೆ ಅರಿಸಿನ ಕುಂಕುಮ ಹಚ್ಚಿ, ಕಾಯಿ ಒಡೆದು ನೀರನ್ನು ಅದರ ಮೇಲೆಲ್ಲ ಹುಯ್ದ. ಆಮೇಲೆ ಸ್ಟಾರ್ಟ್ ಮಾಡಿದರೆ ಗಾಡಿ ಜ್ವರ ಬಂದವರ ಹಾಗೆ ನಡುಗಿತು. ಭಾಯಿಯನ್ನು ಕರೆಸಿದ.

“ನೀವು ಕೈ ಇಟ್ಮೇಲೇ ಹಿಂಗಾಗಿದ್ದು ಭಾಯ್. ಏನ್ ಬಿಚ್ಚಿ ಏನ್ ಮರೆತ್ರೋ! ತಗೊಳ್ಳೋರು ಬರೋ ಹೊತ್ತಾಯ್ತು, ನಡುಗೋ ಗಾಡಿ ಮುಟ್ಟಲ್ಲ ಅಂದಿದ್ದಾರೆ.”

“ನಾನ್ ಬಿಟ್ಟಾಗ ಬೆಣ್ಣೆ ಇದ್ದಂಗಿತ್ತು ಸಾರ್. ರಾತ್ರಿ ಏನಾದ್ರೂ ತಿನ್ನಿಸಿದ್ರಾ ಇದಕ್ಕೆ?”

ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ಭಾಯಿ ತಿರುಗಿದರು. “ಅಮ್ಮಾ, ಯಜಮಾನ್ರ ಪಕ್ಕ ಕೂತು ಓಡಾಡಿದ್ದು ನೀವು. ಮೊದ್ಲೂ ಹಿಂಗೇ ನಡುಗ್ತಿತ್ತಾ? ಹೌದು ಅಂದ್ರೆ ಹಳೇ ಕಾಯಿಲೆ. ಇಂಜಿನ್ ಇಳಿಸ್ಬೇಕು, ಇವತ್ತು ಕೊಡಕ್ಕಾಗಲ್ಲ.”

ಹೌದು ಎಂದರೆ ಸಾಕಿತ್ತು, ಕಾರು ಬಾಗಿಲಲ್ಲೇ ಉಳಿಯುತ್ತಿತ್ತು. ಆದರೆ ಪ್ರತಿ ಭಾನುವಾರ ಬೆಳಿಗ್ಗೆ ತಾತ ಬಾನೆಟ್ ಎತ್ತಿ, “ಬಾರೇ ಇಲ್ಲಿ, ಕೇಳು, ಹೊಲಿಗೆ ಮಿಷಿನ್ ಥರ ಇಲ್ವಾ?” ಎಂದು ಅಡುಗೆ ಮನೆಯಿಂದ ನನ್ನನ್ನು ಕರೆಯುತ್ತಿದ್ದರು. ಒಲೆಯ ಮೇಲೆ ಹಾಲಿದ್ದರೂ ಹೋಗಬೇಕಿತ್ತು. ಅವರ ಗಾಡಿಯ ಮೇಲೆ ಇಲ್ಲದ ಮಾತು ಹೇಳಲು ನನಗೆ ಬಾಯಿ ಬರಲಿಲ್ಲ.

“ಇಲ್ಲಪ್ಪ. ಅವರಿದ್ದಾಗ ಒಂದಿನಾನೂ ಹಿಂಗಿರ್ಲಿಲ್ಲ.”

“ಹಂಗಾದ್ರೆ ಇದು ಹೊಸ ತೊಂದ್ರೆ,” ಎಂದು ಭಾಯಿ ಇಂಜಿನ್ ಓಡುತ್ತಿರುವಾಗಲೇ ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕಿತ್ತು ಮತ್ತೆ ಸಿಕ್ಕಿಸಿ ನೋಡಿದರು. ಮೊದಲನೆಯದು ಕಿತ್ತಾಗ ಇಂಜಿನ್ ಇನ್ನಷ್ಟು ಒದ್ದಾಡಿತು, ಎರಡನೆಯದಕ್ಕೂ ಹಾಗೆಯೇ. ಮೂರನೆಯದಕ್ಕೆ ಏನೂ ಆಗಲಿಲ್ಲ. “ಕಿತ್ರೂ ಗೊತ್ತಾಗ್ಲಿಲ್ಲ ಅಂದ್ರೆ ಇದೇ ಸತ್ತಿರೋದು,” ಎಂದು ಇಂಜಿನ್ ಆರಿಸಿ ಬಗ್ಗಿದರು. ಪ್ಲಗ್ ಕೂರುವ ಗುಳಿಯಲ್ಲಿ ನೀರು ನಿಂತಿತ್ತು. ಬೆರಳು ಅದ್ದಿ ಮೂಸಿದರು.

“ಕಾಯಿ ನೀರು! ಸಾರ್, ಪೂಜೆ ಮಾಡಿದ್ರಾ, ಸ್ನಾನ ಮಾಡಿಸಿದ್ರಾ?”

ನಿಮ್ಮಪ್ಪ ನಾಚಿ ನಕ್ಕ. ನನಗೂ ನಗು ಬಂತು, ಸೆರಗು ಬಾಯಿಗೆ ಹಿಡಿದೆ.

ಬಟ್ಟೆಯಿಂದ ಒರೆಸಿ, ಒಣಗಿಸಿ, ವೈರು ಕೂರಿಸಿದ ಮೇಲೆ ಕಾರು ತಾತನ ಕಾಲದ ಹಾಗೇ ಓಡಿತು. ಕೊಳ್ಳುವವರು ಬಂದರು, ಇಂಜಿನ್ ಸದ್ದು ಕೇಳಿದರು, ಮೆಚ್ಚಿದರು. ಕಳಿಸಿಕೊಡಲು ನಿಮ್ಮಪ್ಪ ಕರೆದರೂ ನಾನು ಹೊರಗೆ ಹೋಗಲಿಲ್ಲ. ದಾರಿಯಲ್ಲಿ ಒಮ್ಮೆ ತಡವರಿಸಿದರೂ ವಾಪಸ್ ತರುತ್ತಾರೆಂದು ಒಲೆ ಆರಿಸಿ, ಗಲ್ಲಿಯ ತಿರುವು ದಾಟುವವರೆಗೂ ಕಿವಿಗೊಟ್ಟು ನಿಂತಿದ್ದೆ.

ಅದು ತಡವರಿಸಲಿಲ್ಲ.